ಗೆರೆ ಬಿಡಬೇಡಿ

"ಏ ಮುದಿ ಗೂಬೆ, ಕೊಡ ಹಿಡ್ಕೊಂಡು ಬಾವಿ ಹತ್ರ ಯಾಕೆ ಸಾಯ್ತಿದ್ದೀಯ? ಓಟದ ಗೆರೆ ಎಳೆದು ಮುಗೀತಾ?"

ಸುಣ್ಣದಕ್ಕ ಕೊಡವನ್ನು ಸೊಂಟದಿಂದ ಇಳಿಸಿದಳು. ಮೂವತ್ತು ವರ್ಷ ಕಂಡವರ ಗೋಡೆಗೆ ಸುಣ್ಣ ಬಳಿದು, ಹುಟ್ಟುಹೆಸರು ಅವಳಿಗೇ ಮರೆತಿತ್ತು.

"ಕೋಟೆ ಬಾಗಿಲ ತನಕ ಎಳೆದಿದ್ದೀನಿ ಮೇಸ್ತ್ರಿ. ಅಲ್ಲಿಂದ ಬಾವೀ ತನಕ ಬಾಕಿ. ಒಂದೇ ಒಂದು ಕೊಡ. ಸೊಸೆ ಹೆತ್ತು ಮೂರು ದಿನ, ಮನೇಲಿ ಹನಿ ನೀರಿಲ್ಲ."

"ಹೆರು ಅಂತ ನಾನು ಹೇಳಿದ್ನಾ?"

ಓಟ ನಡೆಸುತ್ತಿದ್ದ ಸಾಹೇಬರು ಬಂದರು. ಅವರು ಯಾರನ್ನೂ ಬಯ್ಯುವವರಲ್ಲ.

"ನೋಡಮ್ಮಾ, ಆರುನೂರು ವರ್ಷದ ಬಾವಿ ಇದು. ಓಟ ಇಲ್ಲೇ ಮುಗಿಯೋದು. ಫೋಟೋದಲ್ಲಿ ನಿಮ್ಮ ಪ್ಲಾಸ್ಟಿಕ್ ಕೊಡ ಬಿದ್ರೆ ಚರಿತ್ರೆ ಕೆಡತ್ತೆ. ಮಧ್ಯಾಹ್ನದ ಮೇಲೆ ಬನ್ನಿ."

ಚರಿತ್ರೆ ಕೆಡದಿರಲೆಂದು ಕೋಟೆ ಬಾಗಿಲ ಎಡಕ್ಕಿದ್ದ ಸುಣ್ಣದಕ್ಕನ ಕೇರಿಯ ಗುಡಿಸಲುಗಳಿಗೂ ಮರೆಯಾಗಿ ಆಳೆತ್ತರದ ಬಟ್ಟೆ ಕಟ್ಟಿಸಿದ್ದರು. ಬಟ್ಟೆಯ ತುಂಬ ಹರಿಯುವ ಹೊಳೆಯ ಚಿತ್ರ. ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ಸುಣ್ಣದಕ್ಕ ದಿನವೂ ನಂಬುತ್ತಿದ್ದಳು. ಇವತ್ತು ಬಟ್ಟೆ ಅಡ್ಡವಿತ್ತು.

ಮೇಸ್ತ್ರಿ ಚಹಾ ಕುಡಿಯಲು ಹೋದ. ಅವಳು ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಗೆ ಸುಣ್ಣದ ಪುಡಿ ತುಂಬಿಕೊಂಡು ಕೋಟೆ ಬಾಗಿಲಿಗೆ ಬಂದಳು. ಗೆರೆ ತುಳಿಯಬಾರದೆಂದು ಸುಣ್ಣದವರು ಹಿಮ್ಮುಖವಾಗಿಯೇ ನಡೆಯುತ್ತಾರೆ. ಅವಳೂ ಹಾಗೇ ನಡೆದಳು, ಬಾವಿಯನ್ನು ನೋಡುತ್ತ ಎಡಕ್ಕೆ. ಬೆನ್ನಿಗೆ ಬಟ್ಟೆ ತಾಗಿತು. ತಿರುಗಿ ಹಗ್ಗದ ಗಂಟು ಬಿಚ್ಚಿದಳು. ನಿನ್ನೆ ಅದನ್ನು ಹಾಕಿದ್ದೂ ಅವಳೇ. ಹೊಳೆ ಧೂಳಿಗೆ ಬಿತ್ತು.

ಗೆರೆ ಗುಡಿಸಲುಗಳ ನಡುವೆ ಸಾಗಿ, ಬಾಣಂತಿ ಸೊಸೆ ಮಲಗಿದ್ದ ಮನೆಯ ಹೊಸ್ತಿಲಲ್ಲಿ ನಿಂತಿತು.

ಪಕ್ಕದ ಮನೆಯವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಅಕ್ಕಾ, ನಾಳೆ ನಿನ್ನ ಕೆಲಸಕ್ಕೆ ಕರೀತಾರಾ?"

"ನಾಳೇದು ನಾಳೆ. ಎಲ್ರಿಗೂ ಕೊಡ ತರೋಕೆ ಹೇಳು."

ಬಿಸಿಲೇರಿತು. ದೂರದಲ್ಲಿ ಸಾಹೇಬರ ಮೈಕು ಕೂಗುತ್ತಿತ್ತು: "ಬಿಳಿ ಗೆರೆ ಬಿಡಬೇಡಿ! ಗೆರೆ ಬಿಟ್ಟವರು ಓಟದಿಂದ ಔಟ್!"

ಓಟದವರು ಗೆರೆ ಬಿಡಲಿಲ್ಲ. ಮೊದಲು ಕೆಂಪು ಟೋಪಿಯವನೊಬ್ಬ ಕೋಟೆ ಬಾಗಿಲು ದಾಟಿ, ಎಡಕ್ಕೆ ಹೊರಳಿ, ಬಿದ್ದ ಹೊಳೆಯನ್ನು ತುಳಿದು, ಚರಂಡಿ ಹಾರಿ ಬಂದ. ಅವನ ಹಿಂದೆ ನೂರಾರು ಜನ. ಗೆರೆಯ ಪಕ್ಕದಲ್ಲಿ ಹೆಂಗಸರು ಕೊಡಗಳನ್ನಿಟ್ಟುಕೊಂಡು ಸಾಲಾಗಿ ನಿಂತಿದ್ದರು.

"ಅಬ್ಬಾ, ನೀರು!" ಎಂದು ಅವನು ಮೊದಲ ಕೊಡದೊಳಗೆ ಕೈ ಇಳಿಸಿದ. ಕೈ ಒಣಗಿಯೇ ಮೇಲೆ ಬಂತು. ಎರಡನೆಯದಕ್ಕೆ ಇಳಿಸಿದ. ಮೂರನೆಯದಕ್ಕೆ.

"ಎಲ್ಲಾ ಖಾಲಿ ಇದೆಯಲ್ರೀ!"

"ಹೂಂ ಕಣಪ್ಪ," ಎಂದಳು ಸುಣ್ಣದಕ್ಕ. "ಸಾಲಲ್ಲಿ ನಿಂತ್ಕೋ. ನಾವು ಬೆಳಿಗ್ಗೆಯಿಂದ ನಿಂತಿದ್ದೀವಿ."

ಅವನು ಹಿಂತಿರುಗಿ ನೋಡಿದ. ಓಣಿ ತುಂಬಿಹೋಗಿತ್ತು. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು, ಒಬ್ಬರೂ ಗೆರೆಯಿಂದ ಕಾಲು ತೆಗೆಯಲಿಲ್ಲ. ಒಳಗೆ ಕೂಸು ಅಳತೊಡಗಿತು. ಬಾವಿಕಟ್ಟೆಯ ಮೇಲೆ ಸಾಹೇಬರು ಹಾರ ಹಿಡಿದು ಒಬ್ಬರೇ ನಿಂತಿದ್ದರು.

ಮೈಕು ಇನ್ನೂ ಕೂಗುತ್ತಿತ್ತು.