ಎಡಕ್ಕೆ ಸುತ್ತಿದ ಪಟ್ಟಿ

“ಬಾನೆಟ್ ತೆಗೀಬ್ಯಾಡ, ತಡಿ. ಮೊದಲ ಅದರ ಉಸಿರು ಕೇಳೂಣು,” ಎಂದ ಮೆಕ್ಯಾನಿಕ್ ಬಾಷುಮಿಯಾ.

ಬಾನೆಟ್ಟಿನ ಅಂಚಿಗೆ ಹೋಗಿದ್ದ ಅಂಬಣ್ಣನ ಕೈ ಹಿಂದಕ್ಕೆ ಬಂತು. ಗ್ಯಾರೇಜಿನ ಮುಂದಿನ ಬೇವಿನ ನೆರಳಲ್ಲಿ, ಹಳೆಯ ಲಾರಿ ಟೈರಿನ ಮೇಲೆ ಕುಳಿತಿದ್ದ ಅವನ ಹೆಂಡತಿ ಹನುಮಮ್ಮ ರೊಟ್ಟಿಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಇನ್ನಷ್ಟು ಹೊತ್ತು ಆ ಬಾನೆಟ್ ಮುಚ್ಚಿಯೇ ಇರಲಿ ಎಂದು ಅವಳ ಜೀವ ಬೇಡುತ್ತಿತ್ತು.

ಗಾಡಿ ಶಹಾಪುರದ ಈ ಗ್ಯಾರೇಜಿಗೆ ಬಂದದ್ದು ನಾಲ್ಕು ತಿಂಗಳು ನಿಂತಲ್ಲೇ ನಿಂತ ಮೇಲೆ. ನಾರಾಯಣಪುರದ ಕಾಲುವೆ ಗುತ್ತಿಗೆದಾರನೊಬ್ಬ ಹತ್ತು ವರ್ಷ ಓಡಿಸಿ ಕೈಬಿಟ್ಟ ಡೀಸೆಲ್ ಕಾರು ಅದು. ಅಂಬಣ್ಣ ಅದನ್ನು ತಂದ ಮೇಲೆ ಶಿರವಾಳದ ಆಚೆಯ ಅವನ ಸಣ್ಣ ಊರಿಗೆ ಅದೊಂದೇ ಕಾರು. ಮದುವೆಗೂ ಅದೇ, ದವಾಖಾನೆಗೂ ಅದೇ. ನಾಲ್ಕು ತಿಂಗಳ ಹಿಂದೆ ಮಗಳು ಗೊಲ್ಲಾಳಮ್ಮನನ್ನು ಯಾದಗಿರಿಗೆ ಒಯ್ದು, ಬರಿಗೈಯಲ್ಲಿ ಬಂದ ದಿನ ಅಂಬಣ್ಣ ಗಾಡಿಯ ಮೇಲೆ ತಾಡಪತ್ರಿ ಹೊದಿಸಿದ್ದ. ಆಮೇಲೆ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ನಿನ್ನೆ ಸಂಜೆ ಪಕ್ಕದ ಮನೆಯ ಮೌನಮ್ಮ ಬಂದು ಹೊಸ್ತಿಲ ಹೊರಗೇ ನಿಂತು, “ಅಣ್ಣಾ, ಸೊಸಿಗಿ ದಿನ ತುಂಬ್ಯಾವ. ಹ್ಯಾಂಗ ಕೇಳಲಿ ಅಂತ ಬಾಯೇ ಬರವಲ್ದು,” ಎಂದು ಸೆರಗು ಬಾಯಿಗಿಟ್ಟುಕೊಂಡಳು. ಬೆಳಿಗ್ಗೆ ಎದ್ದು ಅಂಬಣ್ಣ ತಾಡಪತ್ರಿ ಮಡಚಿದ.

“ನಾನೂ ಬರ್ತೀನ್ರಿ,” ಎಂದಿದ್ದಳು ಹನುಮಮ್ಮ.

“ಗ್ಯಾರೇಜಿಗಿ ನೀ ಬಂದು ಏನ ಮಾಡ್ತಿ?”

“ಕುಂದರ್ತೀನಿ.”

ಬಾಷುಮಿಯಾ ಸ್ಟೇರಿಂಗಿನ ಹಿಂದೆ ಕುಳಿತು ಎಂಜಿನ್ ಚಾಲೂ ಮಾಡಿದ. ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೇಳಿದ. ನಿಂತಲ್ಲಿ ಗಾಡಿ ಸಾಧುವಾಗಿತ್ತು. “ನಿಂತಾಗ ಭಾಳ ಶರೀಫ್ ಅದ ನಿನ್ನ ಗಾಡಿ. ಏರಿನ್ಯಾಗ ಏನಾಗ್ತದ?”

“ದಮ್ ಇಲ್ಲ. ಎರಡನೇ ಗೇರಿಗಿ ಸೈತ ಎಳ್ಯಾಂಗಿಲ್ಲ. ಕರಿ ಹೊಗಿ ಉಗುಳ್ತದ,” ಎಂದ ಅಂಬಣ್ಣ. ನೆಲ ನೋಡಿಕೊಂಡೇ ಹೇಳಿದ.

“ದಮ್ಮಿನ ಬ್ಯಾನಿ ಅನ್ನು. ಹಂಗಾದ್ರ ನನ್ನ ಕಡಿ ಯಾಕ ತಂದಿ? ಮಿರಗದ ಮಳ್ಯಾಗ ಹೈದ್ರಾಬಾದಿಗಿ ಒಯ್ದು ದಮ್ಮಿನ ಔಷಧದ ಮೀನು ನುಂಗಸೋದು ಬಿಟ್ಟು?” ಬಾಷುಮಿಯಾ ತನ್ನ ಮಾತಿಗೆ ತಾನೇ ನಕ್ಕ. ಯಾರೂ ನಗಲಿಲ್ಲ. ಅವನಿಗೆ ಗೊಲ್ಲಾಳಮ್ಮ ನೆನಪಾದಂತೆ ಕಂಡಿತು. ಹೆಗಲ ಮೇಲಿನ ಎಣ್ಣೆಬಟ್ಟೆಯಿಂದ ಬಾಯಿ ಒರೆಸಿಕೊಂಡು, “ಹತ್ತು, ಒಂದು ಸುತ್ತು ಹೋಗಿ ಬರೂಣು,” ಎಂದ.

ಗಾಡಿ ರಸ್ತೆ ಹಿಡಿದು ಗುಡ್ಡದ ಕಡೆಗೆ ಹೋಯಿತು. ಹನುಮಮ್ಮ ಒಬ್ಬಳೇ ಉಳಿದಳು.

ಅವಳಿಗೆ ಗೊತ್ತಿದ್ದುದು ಇಷ್ಟು. ಆ ದಿನಕ್ಕೆ ಹತ್ತು ದಿನ ಮೊದಲು, ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಗೊಲ್ಲಾಳಿ ಗಾಡಿಯ ಬುಡದಲ್ಲಿ ಕೋಳಿ ಇಟ್ಟ ಮೊಟ್ಟೆ ತೆಗೆಯಲು ಬಗ್ಗಿದವಳು, ಕೆಳಗಿನ ದಪ್ಪ ರಬ್ಬರ್ ಪೈಪು ಸೀಳಿರುವುದನ್ನು ಕಂಡಿದ್ದಳು. ಕಾಲುವೆ ನೀರಿನಲ್ಲಿ ಬೆಳೆದ ಹುಡುಗಿ. ಪೈಪು ಸೀಳಿದರೆ ಏನು ಮಾಡಬೇಕೆಂದು ಆ ಕಡೆಯ ಮಕ್ಕಳಿಗೆಲ್ಲ ಗೊತ್ತು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಜಗ್ಗಿ ಜಗ್ಗಿ, ಒಂದರ ಮೇಲೊಂದು ಅರ್ಧ ಕೂರುವಂತೆ ಸುತ್ತಿ, ಕೊನೆಯನ್ನು ಕೊನೆಯ ಸುತ್ತಿನ ಕೆಳಗೆ ಸಿಕ್ಕಿಸಿ ಎಳೆದುಬಿಟ್ಟರೆ ಮುಗಿಯಿತು, ಹನಿ ನೀರು ಹೊರಬರುವುದಿಲ್ಲ. ಅಂದು ಮಧ್ಯಾಹ್ನವಷ್ಟೇ ಅವಳು ಹೊಲದ ಪಂಪಿನ ಪೈಪಿಗೆ ಹಾಗೆ ಸುತ್ತಿ ಬಂದಿದ್ದಳು. ಉಳಿದ ಪಟ್ಟಿಯನ್ನು ತಂದು, ಗೋಣಿಚೀಲ ಹಾಸಿ, ತುಂಬಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಮಗ್ಗುಲಾಗಿ ಮಲಗಿ, ಇನ್ನೊಂದು ಕೈಯಿಂದ ಗಾಡಿಗೂ ಸುತ್ತಿದಳು.

“ಅಪ್ಪಗ ಹೇಳಬ್ಯಾಡ ಯವ್ವಾ. ದಿನ ತುಂಬಿದಾಕಿ ಗಾಡಿ ಬುಡಕ ಹೋಗ್ಯಾಳಂತ ಬೈತಾನ,” ಎಂದು ಎಣ್ಣೆಮಸಿ ಹತ್ತಿದ ಕೈಯನ್ನು ತಾಯಿಗೆ ತೋರಿಸಿ ನಕ್ಕಿದ್ದಳು. ಹನುಮಮ್ಮನೂ ನಕ್ಕು, ಕೈ ತೊಳೆಯಲು ಸಬಕಾರ ಕೊಟ್ಟು, ಮೊಟ್ಟೆ ಒಡೆದು ಹುರಿದು ತಿನ್ನಿಸಿದ್ದಳು. ಹೇಳಲಿಲ್ಲ.

ಆಮೇಲೆ, ನೋವು ಎದ್ದ ದಿನ, ಯಾದಗಿರಿ ರಸ್ತೆಯ ಆ ನಡುಮಧ್ಯಾಹ್ನದ ಏರು. ಹಿಂದಿನ ಸೀಟಿನಲ್ಲಿ ಮಗಳ ತಲೆ ಅವಳ ತೊಡೆಯ ಮೇಲಿತ್ತು. ಗಾಡಿ ಬುಸುಗುಟ್ಟಿತು, ಹೊಗೆ ಕಕ್ಕಿತು, ನಡೆಯುವವರಿಗಿಂತ ನಿಧಾನವಾಯಿತು. ಅಂಬಣ್ಣ ಇಳಿದು ಬಾನೆಟ್ ಎತ್ತಿದ. ಮುಂದಿನ ಗಾಜಿನ ತುಂಬ ಆ ತಗಡೇ ಕಂಡಿತು, ಅವನು ಕಾಣಲಿಲ್ಲ. ಮತ್ತೆ ಇಳಿಸಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಹತ್ತಿ ಬಿಡಿಸುತ್ತಿದ್ದ ಹೆಂಗಸರು ಓಡಿಬಂದು ಗಾಡಿ ದೂಡಿದರು. ಯಾದಗಿರಿಯಲ್ಲಿ ನರ್ಸಮ್ಮ, “ಒಂದು ತಾಸು ಮೊದಲ ತರಬೇಕಿತ್ತಲ್ಲ ತಾಯಿ,” ಎಂದಳು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ಆ ಪಟ್ಟಿಯಿಂದಲೇ ಗಾಡಿ ಸೋತಿತೆಂಬ ಅಳುಕು ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ. ಇವತ್ತು ಬಾನೆಟ್ ತೆರೆದರೆ ಅದು ಕಾಣುತ್ತದೆ. ಮಗಳ ಕೈಯೇ ಮಗಳಿಗೆ ಮುಳುವಾಯಿತೆಂದು ಅವಳ ಅಪ್ಪನಿಗೆ ತಿಳಿಯುತ್ತದೆ. ಆಗ ಅದನ್ನು ತಾನೇ ಸುತ್ತಿದ್ದು ಎಂದು ಹೇಳಿಬಿಡಬೇಕು. ಅದಕ್ಕೇ ಹನುಮಮ್ಮ ಬಂದಿದ್ದಳು.

ದೂರದಿಂದ ಗಾಡಿಯ ಸದ್ದು ಮೊದಲು ಬಂತು, ಗಾಡಿ ಆಮೇಲೆ ಬಂತು. ಎಂಜಿನ್ ಅರಚುತ್ತಿತ್ತು, ಗಾಲಿ ಮಾತ್ರ ತೆವಳುತ್ತಿದ್ದವು. ಆ ಅರಚಾಟದೊಳಗೆ ‘ಸುಯ್’ ಎಂಬ ಒಂದು ಎಳೆ. ಹನುಮಮ್ಮನ ಕಿವಿ ಅದನ್ನು ಗುರುತಿಸಿತು. ಆ ದಿನವೂ ಇದೇ ಸದ್ದು. ಮಗಳೇ ಹಲ್ಲು ಕಚ್ಚಿ ಉಸಿರು ಎಳೆಯುತ್ತಿದ್ದಾಳೆ ಎಂದುಕೊಂಡಿದ್ದಳು ಆಗ.

ಬಾಷುಮಿಯಾ ಬಾನೆಟ್ ಎತ್ತಿದ. ಹನುಮಮ್ಮ ಎದ್ದು ಹತ್ತಿರ ಹೋದಳು. ಅವನು ಮೊದಲು ಗಾಳಿ ಜಾಲರಿ ತೆಗೆದು ಬೆಳಕಿಗೆ ಹಿಡಿದ. ಕಸವಿರಲಿಲ್ಲ. ಆಮೇಲೆ ಬಸವನಹುಳದ ಚಿಪ್ಪಿನಂಥ ಕಬ್ಬಿಣದ ಗಡ್ಡೆಯೊಳಗೆ ಬೆರಳು ಹಾಕಿ ಸಣ್ಣ ಫ್ಯಾನನ್ನು ತಿರುಗಿಸಿದ, ಅಲುಗಿಸಿದ, ಬೆರಳು ಮೂಸಿದ. “ಟರ್ಬೊ ಸಾಬೂತ ಅದ. ಎಣ್ಣಿ ಕುಡದಿಲ್ಲ, ಅಲಗಾಡಾಂಗಿಲ್ಲ,” ಎಂದ. ಪಕ್ಕದಲ್ಲಿ ಬಂದು ನಿಂತ ಹೆಣ್ಣುಮಗಳಿಗೂ ತಿಳಿಯಲೆಂದು, “ಇದು ಕಮ್ಮಾರನ ತಿದಿ ಇದ್ದಂಗ ಅಕ್ಕಾ. ಎಂಜಿನ್ನಿಗಿ ಗಾಳಿ ಊದ್ತದ. ತಿದಿ ಚೊಲೊ ಅದ. ಊದಿದ ಗಾಳಿ ಹಾದ್ಯಾಗ ಎಲ್ಲೋ ಸೋರಾಕತ್ತದ,” ಎಂದು ವಿವರಿಸಿದ.

ಟರ್ಬೊದಿಂದ ಎಂಜಿನ್ನಿಗೆ ಹೋಗುವ ಪೈಪಿನ ಒಂದು ತುದಿಗೆ ಡಬ್ಬಿ ಬಿಗಿದು ಮುಚ್ಚಿ, ಪಂಕ್ಚರ್ ಹಾಕುವ ಯಂತ್ರದ ಗಾಳಿಯನ್ನು ಇನ್ನೊಂದು ತುದಿಯಿಂದ ಬಿಟ್ಟ. ಸಬಕಾರದ ನೀರನ್ನು ಬಟ್ಟೆಯಲ್ಲಿ ಅದ್ದಿ ಪೈಪಿನುದ್ದಕ್ಕೂ ಹಿಂಡುತ್ತ ಬಂದ. ಮೇಲಿನ ಭಾಗ ಸುಮ್ಮನಿತ್ತು. ಅವನು ಕೆಳಕ್ಕೆ ಬಗ್ಗಿದ. ಅಲ್ಲಿ ಬುರುಗು ಎದ್ದಿತು. ಸಣ್ಣ ಗುಳ್ಳೆಗಳು ಉಬ್ಬಿದವು, ಒಡೆದವು, ಮತ್ತೆ ಉಬ್ಬಿದವು.

“ಸಿಕ್ತು.” ಕೈ ಒಳಗೆ ಹಾಕಿ ಪಟ್ಟಿಯ ತುದಿ ಹುಡುಕಿದ. “ಯಾವನಪ್ಪ ಇದು ಸುತ್ತಿದ ಉಸ್ತಾದ್! ನೀರಿನ ಪೈಪು ಅಂತ ತಿಳದಾನೇನು? ಸಾವಕಾಶ ಹೋದ್ರ ತಡೀತದ. ಏರಿನ್ಯಾಗ ಗಾಳಿ ಜೋರಾಗ್ತದ, ಬಿಸಿ ಆಗ್ತದ, ರಬ್ಬರ್ ಮೆತ್ತಗಾಗಿ ಬಾಯಿ ಬಿಡ್ತದ.” ಬಿಚ್ಚಲು ಹೋದವನು ತಡೆದ. ಕೈ ತಿರುಗಿಸಿದ. “ಉಲ್ಟಾ ಸುತ್ಯಾರ. ಯಾರೋ ಎಡಗೈಯವ್ರ ಕೆಲಸ.”

ಹನುಮಮ್ಮ ಒಂದು ಹೆಜ್ಜೆ ಮುಂದಿಟ್ಟಳು. ‘ನಾನು’ ಎನ್ನುವ ಒಂದು ಮಾತು. ಊರಿಂದ ಇಲ್ಲಿಯ ತನಕ ಹತ್ತು ಸಲ ಬಾಯಿಪಾಠ ಮಾಡಿದ್ದ ಮಾತು.

“ನಾನಽ ಸುತ್ತಿದ್ದು,” ಎಂದ ಅಂಬಣ್ಣ.

ಬಾಷುಮಿಯಾ ತಲೆ ಎತ್ತಿ ನೋಡಿದ. ಅಂಬಣ್ಣನ ಬಲಗೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು. ಬೆಳಿಗ್ಗೆಯಿಂದ ಎಲ್ಲವನ್ನೂ ಆ ಕೈಯಿಂದಲೇ ಎತ್ತಿ ಕೊಡುತ್ತಿದ್ದ. ಮಿಯಾನ ಕಣ್ಣು ಆ ಕೈ ಮೇಲೆ ನಿಂತು, ಅಲ್ಲಿಂದ ಹನುಮಮ್ಮನ ಮುಖಕ್ಕೆ ಹೋಗಿ, ಮತ್ತೆ ಎಂಜಿನ್ನಿಗೆ ಇಳಿಯಿತು.

ಹನುಮಮ್ಮನ ಕಣ್ಣಿಗೆ ಕಂಡದ್ದು ಆ ದಿನ ಏರಿನಲ್ಲಿ ಎತ್ತಿದ್ದ ಬಾನೆಟ್ಟಿನ ತಗಡು. ಅದರ ಆಚೆ ನಿಂತವನಿಗೆ ಆವತ್ತೇ ಎಲ್ಲ ಕಂಡಿತ್ತು. ಎಡಗೈಯಲ್ಲಿ ರೊಟ್ಟಿ ಬಡಿಯುವ, ಎಡಗೈಯಲ್ಲಿ ಕಸ ಹೊಡೆಯುವ, “ಗಂಡನ ಮನ್ಯಾಗ ನಮ್ಮ ಮಾನ ಕಳೀತಿ” ಎಂದು ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದ ಮಗಳ ಸುತ್ತು ಅಪ್ಪನಿಗೆ ತಿಳಿಯದೇ? ಪಟ್ಟಿ ಸುತ್ತುವುದನ್ನು ಕಲಿಸಿದವನೇ ಅವನು. ನಾಲ್ಕು ತಿಂಗಳು ಅದನ್ನು ತಾಡಪತ್ರಿಯ ಕೆಳಗೆ ಮುಚ್ಚಿಟ್ಟುಕೊಂಡು ಊಟ ಮಾಡಿದ್ದ, ಮಲಗಿದ್ದ, ಎದ್ದಿದ್ದ. ಹೆಂಡತಿಗೆ ತಿಳಿಯಬಾರದೆಂದು.

“ಅಲ್ಲ ಅಂಬಣ್ಣ,” ಎಂದ ಬಾಷುಮಿಯಾ, ಈಗ ದನಿ ತಗ್ಗಿಸಿ, “ಸುತ್ತಿದ್ದು ಬೇಶ್ ಆತು ನೋಡು. ಇಷ್ಟು ಸೀಳಿದ ಪೈಪು, ಇದು ಇರದಿದ್ರ ಗಾಡಿ ಏರು ಸೈತ ಮುಟ್ತಿದ್ದಿಲ್ಲ. ಅಲ್ಲೀತನಕ ಒಯ್ದಿದ್ದಽ ಈ ಪಟ್ಟಿ.”

ಅದು ನಿಜವೋ, ಕರುಣೆಯೋ, ಹನುಮಮ್ಮ ಕೇಳಲಿಲ್ಲ. ಪಟ್ಟಿ ಇರದಿದ್ದರೆ ಪೈಪು ಸೀಳಿದ್ದು ಮರುದಿನವೇ ಗೊತ್ತಾಗುತ್ತಿತ್ತು, ಅಂಬಣ್ಣ ಬೇರೆ ಪೈಪು ಹಾಕಿಸಿಕೊಂಡು ಬರುತ್ತಿದ್ದ. ಅಷ್ಟು ಲೆಕ್ಕ ಅವಳಿಗೂ ಬರುತ್ತಿತ್ತು, ಅವನಿಗೂ ಬರುತ್ತಿತ್ತು. ಅಂಬಣ್ಣ ಗೋಣು ಆಡಿಸಿದ.

ಬಾಷುಮಿಯಾ ಪಟ್ಟಿ ಬಿಚ್ಚಿ ಕೆಳಗೆ ಚೆಲ್ಲಿದ. ಕಪಾಟಿನಿಂದ ದಪ್ಪ ಪೈಪಿನ ತುಂಡು ತಂದು, ಅಳತೆ ನೋಡಿ ಕೊಯ್ದು, ಎರಡೂ ಕಡೆ ಉಕ್ಕಿನ ಕ್ಲಿಪ್ಪು ಬಿಗಿದ. ಮತ್ತೆ ಸಬಕಾರದ ನೀರು ಹಿಂಡಿದ. ಗುಳ್ಳೆ ಏಳಲಿಲ್ಲ. ಅವನು ಕೈ ತೊಳೆಯಲು ಹೋದಾಗ ಅಂಬಣ್ಣ ಬಗ್ಗಿ, ಮಣ್ಣು ಹತ್ತಿದ ಪಟ್ಟಿಯನ್ನು ಎತ್ತಿಕೊಂಡು, ಪಂಚೆಯ ಅಂಚಿನಿಂದ ಒರೆಸಿ, ಸುರುಳಿ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ಹನುಮಮ್ಮ ರೊಟ್ಟಿಗಂಟು ಬಿಚ್ಚುವ ನೆಪದಲ್ಲಿ ಮುಖ ತಿರುಗಿಸಿದಳು.

ತಿರುಗಿ ಬರುವಾಗ ಅವಳು ಹಿಂದೆ ಕೂರಲಿಲ್ಲ, ಮುಂದೆ ಕುಳಿತಳು. ಅಂಬಣ್ಣ ಊರಿನ ತಿರುವು ಬಿಟ್ಟು ಯಾದಗಿರಿಯ ರಸ್ತೆಗೆ ಹೊರಳಿಸಿದ. ಮೌನಮ್ಮನ ಸೊಸೆಯನ್ನು ಕೂರಿಸುವ ಮೊದಲು ಅವನಿಗೆ ಆ ಏರು ಹತ್ತಿ ನೋಡಬೇಕಿತ್ತು. ಏರು ಬಂತು. ಅವನು ಗೇರು ಇಳಿಸದೆ ಹಾಗೇ ಒತ್ತಿದ. ಗಾಡಿಯೊಳಗಿಂದ ಸಿಳ್ಳಿನಂಥ ಸಣ್ಣ ಸದ್ದೊಂದು ಎದ್ದು ಏರುತ್ತ ಹೋಯಿತು. ಹತ್ತಿಯ ಹೊಲಗಳು ಹಿಂದಕ್ಕೆ ಸರಿದವು. ಏರು ಯಾವಾಗ ಮುಗಿಯಿತೆಂದೇ ತಿಳಿಯಲಿಲ್ಲ. ಇಷ್ಟೇ ದೂರವಿತ್ತೇ ಇದು!

ನೆತ್ತಿಯ ಮೇಲೆ ಅಂಬಣ್ಣ ಗಾಡಿ ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

“ಆ ಪಟ್ಟಿ…” ಎಂದಳು ಹನುಮಮ್ಮ.

“ನಾನಽ ಸುತ್ತಿದ್ದು.” ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

ಅವಳು ಅವನ ಕಿಸೆಯಿಂದ ಅರ್ಧ ಹೊರಬಂದಿದ್ದ ಪಟ್ಟಿಯ ತುದಿಯನ್ನು ಒಳಗೆ ಸೇರಿಸಿದಳು.

“ಹೌದ್ರಿ,” ಎಂದಳು ಆಮೇಲೆ. “ನೀವಽ ಸುತ್ತಿದ್ದು.”

ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಂಬಣ್ಣ ಗಾಡಿಯನ್ನು ಮೌನಮ್ಮನ ಮನೆಯ ಮುಂದೆ, ಮುಖ ರಸ್ತೆಗೆ ಮಾಡಿ ನಿಲ್ಲಿಸಿದ. ಹನುಮಮ್ಮ ಕೊಡ ತೆಗೆದುಕೊಂಡು ಹೊಲಕ್ಕೆ ನಡೆದಳು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಪಂಪು ಒಂದೇ ಸಮನೆ ಎಳೆಯುತ್ತಿತ್ತು, ನೀರು ತುಂಬಿದ ಪೈಪು ಬದುವಿನ ಮೇಲೆ ನಡುಗುತ್ತ ಮಲಗಿತ್ತು. ಅದರ ನಡುವೆ ಮಗಳು ಸುತ್ತಿದ್ದ ಕರಿಯ ಪಟ್ಟಿ, ಎಡಕ್ಕೆ ಹೊರಳಿಕೊಂಡು ಒಂದರ ಮೇಲೊಂದು ಅರ್ಧ ಕೂತು, ಕೊನೆ ಒಳಗೆ ಸಿಕ್ಕಿಸಿಕೊಂಡಿತ್ತು. ಅವಳು ಕೊಡ ಕೆಳಗಿಟ್ಟು, ಕುಕ್ಕರಗಾಲಲ್ಲಿ ಕುಳಿತು, ಅದರ ಸುತ್ತ ಮೆಲ್ಲಗೆ ಅಂಗೈ ಆಡಿಸಿದಳು.

ಅಂಗೈ ಒಣಗಿಯೇ ಇತ್ತು.