ಬಿಸಿನೀರು ತಾಗಿದ ಕಲೆ

ಸರೋವರದ ಮೇಲಿನ ಬಿಸಿಲು ಎದ್ದು ಬಂದು ಕಣ್ಣಿಗೆ ಹೊಡೆಯಿತು, ಅವಳು ಕಣ್ಣು ಮುಚ್ಚಿದಳು, ರೆಪ್ಪೆಯ ಒಳಗೂ ಕೆಂಪು — ಹೋದ ವಾರ ಅಕ್ಕ ಲಾಂಡ್ರಿಗೆ ತಂದ ದಿಂಬಿನ ಕವರಿನ ಮೇಲಿನ ಕಲೆ ಕೆಂಪಾಗಿರಲಿಲ್ಲ, ಕಂದು, ಅಂಗೈಯಗಲ, ಒಂದು ಮೂಲೆ ಕಿವಿಯಂತೆ ಸುರುಳಿ, ಅಕ್ಕ ಅದನ್ನು ಬಿಸಿನೀರಿಗೆ ಹಾಕಿಬಿಟ್ಟಿದ್ದಳು, ರಕ್ತಕ್ಕೆ ಯಾರಾದ್ರೂ ಬಿಸಿನೀರು ಹಾಕ್ತಾರೇನೇ, ಬೆಂದು ಕೂತುಬಿಡುತ್ತೆ, ತಣ್ಣೀರೇ ಆಗ್ಬೇಕು ಎಂದು ಲಾಂಡ್ರಿಯ ಯಜಮಾನಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳಿಗೆ ಹೇಳಿಕೊಟ್ಟಿದ್ದಳು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಬಾಯಿಪಾಠ ಮಾಡಿದ ಕೊನೆಯ ಪಾಠ ಅದು. ಮೂಗಿಂದ ಬಂತು ಕಣೇ, ಸೆಕೆಗೆ, ಎಂದಿದ್ದಳು ಅಕ್ಕ ಬಟ್ಟೆಗಂಟು ಬಿಚ್ಚುತ್ತಾ — ಆ ವಾರ ಸೆಕೆಯೇ ಇರಲಿಲ್ಲ. ಈಗ ಮುಂದೆ ಭಾವನ ಬೆನ್ನು, ನಡುವೆ ಅಕ್ಕ, ಹಿಂದೆ ಚೀಲ ಹೊತ್ತ ಅವಳು, ಬೆಟ್ಟದ ಬೆನ್ನಿನ ಮೇಲೆ ಎರಡು ಪಾದದಗಲದ ದಾರಿ, ಎಡಕ್ಕೆ ಹುಲ್ಲು, ಬಲಕ್ಕೆ ಸಡಿಲ ಜಲ್ಲಿಯ ಇಳಿಜಾರು ನೀರಿನವರೆಗೆ, ಆಚೆ ಬೆಟ್ಟದ ಹಿಂದೆ ಬೆಟ್ಟ, ನೀಲಿ, ಇನ್ನೂ ತೆಳು ನೀಲಿ, ಒಗೆದು ಒಗೆದು ಬಣ್ಣ ಬಿಟ್ಟ ಅಂಗಿಗಳ ಹಾಗೆ. ನೋಡ್ರೇ, ಇಂಥ ಜಾಗ ತೋರಿಸೋ ಗಂಡ ಯಾರಿಗೆ ಸಿಗ್ತಾನೆ, ಏನೇ ಮೂಗಿ, ಏನಾದ್ರೂ ಹೇಳು, ನಿನ್ನ ತಂಗಿ ನಾಲಿಗೇನ ಇಸ್ತ್ರಿಪೆಟ್ಟಿಗೆ ಕೆಳಗೆ ಮರೆತು ಬಂದಿದ್ದಾಳೆ ಕಣೇ, ಎಂದು ಭಾವ ನಕ್ಕ, ಅಕ್ಕನೂ ನಕ್ಕಳು, ಅವನು ನಕ್ಕ ಮೇಲೆ, ಅವನು ನಕ್ಕಷ್ಟೇ ಹೊತ್ತು. ನೀರು ಕೊಡು, ಎಂದು ಅವನು ಅಕ್ಕನ ಕಡೆ ಕೈ ಚಾಚಿದ. ಅಕ್ಕನ ಕೈ ತನ್ನ ಹೆಗಲಚೀಲದಲ್ಲಿ ತಡಕಾಡಿತು, ಕಾರಲ್ಲೇ ಉಳೀತು ಅನ್ಸುತ್ತೆ ರೀ — ಇಲ್ಲ, ಇದೆ, ನನ್ನ ಚೀಲದಲ್ಲಿದೆ, ಬೆಳಿಗ್ಗೆ ನಾನೇ ಇಟ್ಟೆ, ಹೇಳು, ಈಗ ಹೇಳು, ಅವಳ ಮಾತು ಗಂಟಲವರೆಗೆ ಬಂತು, ಯಾವಾಗಲೂ ಅಲ್ಲಿಯವರೆಗೇ ಬರುವುದು, ಅಷ್ಟರಲ್ಲಿ ಅವನ ಕೈ ಬೀಸಿ ಬಂತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು, ಹಿಂಗೈಯಲ್ಲಿ ಇನ್ನೊಮ್ಮೆ, ಅಕ್ಕ ಮಂಡಿಯೂರಿದಳು, ಅವನು ಜಡೆ ಹಿಡಿದೆಳೆದು ಮುಖವನ್ನು ಸರೋವರದ ಕಡೆಗೆ ತಿರುಗಿಸಿದ, ನೋಡು, ಇಂಥ ದಿನಾನ ಹಾಳು ಮಾಡಿದ್ಯಲ್ಲ, ನೋಡು, ಅಕ್ಕನ ಮೂಗಿನಿಂದ ರಕ್ತ ಹನಿ ಹನಿಯಾಗಿ ಕತ್ತಿನ ಬಿಳಿ ಸ್ಕಾರ್ಫಿನ ಮೇಲೆ — ಸೆಕೆಗೆ ಕಣೇ — ಕಲ್ಲು ಅವಳ ಕೈಗೆ ಯಾವಾಗ ಬಂತು, ಬಿಸಿಲಿಗೆ ಕಾದ ಕಲ್ಲು, ಇಸ್ತ್ರಿಪೆಟ್ಟಿಗೆಯಷ್ಟೇ ಭಾರ, ದಿನಕ್ಕೆ ನೂರು ಸಲ ಎತ್ತುವ ತೋಳು ಎತ್ತಿತು, ಇಳಿಸಿತು, ಅವನ ಕಿವಿಯ ಮೇಲೆ, ಜಡೆ ಸಡಿಲವಾಯಿತು, ಅವನು ತಿರುಗಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದ, ಮೂಗಿ ಎನ್ನಲು ಬಾಯಿ ತೆರೆದ, ತೆರೆದ ಬಾಯಿಗೇ ಎರಡನೆಯದು, ಹಲ್ಲು ಮುರಿದದ್ದು ಅವಳ ಮೊಣಕೈವರೆಗೆ ಕೇಳಿಸಿತು, ಜಲ್ಲಿ ಜಾರಿತು, ಜೊತೆಗೆ ಅವನೂ, ಉರುಳಿ ಉರುಳಿ ಕೆಳಗಿನ ಬಂಡೆಗೆ ತಲೆ ಬಡಿದು ನಿಂತ, ಅಲುಗಲಿಲ್ಲ. ಒಂದು ಕುರಿ ಹುಲ್ಲು ಜಗಿಯುತ್ತಿದೆ, ಬಿಸಿಲು ಹಾಗೇ ಇದೆ. ಅಕ್ಕ ಕೆಳಗೆ ನೋಡುತ್ತಿಲ್ಲ, ಸ್ಕಾರ್ಫಿನ ತುದಿಯನ್ನು ಉಜ್ಜುತ್ತಾ ಕೂತಿದ್ದಾಳೆ, ಈಗ ಏನ್ ಮಾಡೋದೇ, ಏನ್ ಮಾಡೋದು, ಆಗ ಅವಳಿಗೆ ಮಾತು ಬಂತು, ಉಜ್ಜಬೇಡ ಅಕ್ಕ, ನೀರಿದೆ, ನನ್ನ ಹತ್ರಾನೇ ಇದೆ, ಬೆಳಿಗ್ಗೆಯಿಂದ ಇತ್ತು, ಮುಚ್ಚಳ ತಿರುಗಿಸಿ ಸುರಿದಳು, ಬಾಟಲಿ ದಾರಿಯುದ್ದಕ್ಕೂ ಬಿಸಿಲಲ್ಲಿ ಬೆನ್ನಿಗಂಟಿಕೊಂಡು ಬಂದಿತ್ತು, ತಣ್ಣೀರಲ್ಲ, ಬಿಸಿ, ಸ್ನಾನದ ನೀರಿನಷ್ಟು ಬಿಸಿ, ಕೆಂಪು ಹರಡುತ್ತಿದೆ, ಅಂಗೈಯಗಲ, ಒಂದು ಮೂಲೆ ಕಿವಿಯಂತೆ ಸುರುಳಿ, ಕಿವಿಯಂತೆ