ಪುಡಿಯ ಆಣೆ

“ಮಡುಗ್ಲಾ ಕೈಯ, ಬೋಳಿಮಗನೆ. ತಕ್ಕಡಿ ಮೇಲ್ ಮಡುಗು.”

ಸಿದ್ದಾರ್ಥ ಕೈ ಇಡಲಿಲ್ಲ. ಡ್ರೈವರ್ ರಾಜಣ್ಣನೇ ಅವನ ಬಲಗೈಯನ್ನು ಎಳೆದು, ಗೋದಾಮಿನಲ್ಲಿ ಅರಿಸಿನದ ಮೂಟೆ ತೂಗುವ ಹಲಗೆಯ ಮೇಲೆ ಒತ್ತಿ ಹಿಡಿದ. ಬಸವಪ್ರಸಾದ್ ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಬೆರಳುಗಳ ಮೇಲೆ ಕುಟ್ಟಿದ. ಮೂಳೆ ಮುರಿದದ್ದು ಮೂವರಿಗೂ ಕೇಳಿಸಿತು.

“ಆ ಪೇಜು ತೆಗಿತೀಯಾ ಇಲ್ವೇನ್ಲಾ?”

“ತೆಗ್ಯಾಕಿಲ್ಲ ಬುದ್ಧಿ.”

ಕೇರಿಯವರು ಒಡೆಯರಿಗೆ ಅನ್ನುವ ‘ಬುದ್ಧಿ’ ಎಂಬ ಮಾತು ತಾನಾಗಿ ಬಾಯಿಂದ ಬಂದಿತ್ತು. ಬೆರಳು ಮುರಿದದ್ದಕ್ಕಿಂತ ಆ ಮಾತಿಗೇ ಸಿದ್ದಾರ್ಥನಿಗೆ ಮೈಯೆಲ್ಲ ಉರಿಯಿತು. ಪುಡಿ ಮಾರುವ ಟೀಮಿನ ಮೀಟಿಂಗಿನಲ್ಲಿ ಈತನನ್ನು ‘ಸರ್’ ಎನ್ನಬೇಕೆಂದು ಕಲಿಸಿದ್ದರು. ನಮ್ಮ ಟೀಮಿನಲ್ಲಿ ಜಾತಿ ಇಲ್ಲ, ಲೆವೆಲ್ ಮಾತ್ರ ಇರುವುದು ಎಂದು ಈ ಬಸವಪ್ರಸಾದನೇ ಮೈಕಿನಲ್ಲಿ ಹೇಳುತ್ತಿದ್ದ. ಕಲ್ಲಿನ ಏಟು ಬಿದ್ದದ್ದೇ ತಡ, ಸರ್ ಹಾರಿಹೋಗಿ ಬುದ್ಧಿ ಉಳಿದುಕೊಂಡಿತ್ತು.

ಕೈ ಒತ್ತಿ ಹಿಡಿದ ರಾಜಣ್ಣ ಮುಖ ಅತ್ತ ತಿರುಗಿಸಿಕೊಂಡಿದ್ದ. ಅವನದೂ ತೆರಕಣಾಂಬಿಯ ಅದೇ ಕೇರಿ. ಸಿದ್ದಾರ್ಥ ಈ ಪುಡಿಯ ವ್ಯವಹಾರಕ್ಕೆ ಸೇರಿಸಿದ ಮೊದಲನೆಯವನೇ ಅವನು. ಟೈ ಕಟ್ಟುವುದನ್ನು ಕಲಿಸಿದವನೂ ಸಿದ್ದಾರ್ಥನೇ.

ಪುಡಿ ಎಂದರೆ ಆರೋಗ್ಯದ ಪುಡಿ. ಬಿಸಿನೀರಿಗೆ ಕದಡಿ ಕುಡಿದರೆ ಸಕ್ಕರೆ ಕಾಯಿಲೆಯಿಂದ ಹಿಡಿದು ಬಂಜೆತನದವರೆಗೆ ಎಲ್ಲವೂ ಮಾಯ. ನೀನು ಕೊಳ್ಳಬೇಕು, ನಿನ್ನ ಕೆಳಗೆ ನಾಲ್ಕು ಜನರನ್ನು ಸೇರಿಸಬೇಕು, ಅವರ ಕೆಳಗೆ ಮತ್ತೆ ನಾಲ್ಕು ಜನ. ಕೆಳಗೆ, ಕೆಳಗೆ, ಇನ್ನೂ ಕೆಳಗೆ. ಹೊಲಗದ್ದೆ ಇರುವವರಲ್ಲಿ ಯಾರ ಕೆಳಗೆ ಯಾರು ಎಂಬ ಜಗಳ ಬರುತ್ತಿತ್ತು. ಕೇರಿಯಲ್ಲಿ ಆ ತಂಟೆಯೇ ಇರಲಿಲ್ಲ.

ಮೀಟಿಂಗು ನಡೆಯುವ ಗುಂಡ್ಲುಪೇಟೆಯ ಈ ಮದುವೆ ಮಂಟಪ ಬಸವಪ್ರಸಾದನ ಅಪ್ಪ ಕಟ್ಟಿಸಿದ್ದು. ಮದುವೆಗಳಿಗೆ ಬಂದರೆ ಕೇರಿಯವರು ಹಿಂದಿನ ಅರಿಸಿನದ ಗೋದಾಮಿನ ಹತ್ತಿರ ನಿಂತು, ಎಲ್ಲರದ್ದೂ ಆದ ಮೇಲೆ ಉಣ್ಣುತ್ತಿದ್ದರು. ಪುಡಿ ಬಂದ ಮೇಲೆ ಅದೇ ಮಂಟಪದೊಳಗೆ ಫ್ಯಾನಿನ ಕೆಳಗೆ ಕಬ್ಬಿಣದ ಕುರ್ಚಿ ಹಾಕಿ ‘ಬನ್ನಿ, ಕೂತ್ಕೊಳಿ’ ಎಂದರು. ಆ ಕುರ್ಚಿಗೇ ಕೇರಿಗೆ ಕೇರಿಯೇ ಸೇರಿತು. ನಗುವವರು ನಗಲಿ. ತಾತನ ಕಾಲದಿಂದ ನಿಂತೇ ಇದ್ದವನಿಗೆ ಗೊತ್ತು ಕುರ್ಚಿಯ ರುಚಿ.

ಚಾಮರಾಜನಗರದಿಂದ ಬಂದು ಸೇರುವ ಮೇಷ್ಟ್ರುಗಳಿಗೆ ಒಂದು ಸಹಿ ಸಾಕಿತ್ತು. ಕೇರಿಯವರಿಗೆ ಮಾತ್ರ ಕರ್ಪೂರ. ಮಾದಪ್ಪನ ಪಟದ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಅಂಗೈಯಲ್ಲಿ ಅದನ್ನು ಆರಿಸಿ, ‘ಟೀಮ್ ಬಿಡಾಕಿಲ್ಲ, ಈ ಪುಡಿ ಬುಟ್ಟು ಬ್ಯಾರೆ ಮದ್ದು ಮುಟ್ಟಾಕಿಲ್ಲ’ ಎಂದು ಆಣೆ ಮಾಡಬೇಕಿತ್ತು. ಕಾಗದಕ್ಕೆ ಹೆದರದ ಜನ ಮಾದಪ್ಪನಿಗೆ ಹೆದರುತ್ತಾರೆಂದು ಬಸವಪ್ರಸಾದನಿಗೆ ಚೆನ್ನಾಗಿ ಗೊತ್ತಿತ್ತು.

ಸಿದ್ದಾರ್ಥನ ತಾಯಿ ಸುಂದ್ರಮ್ಮನೂ ಆಣೆ ಮಾಡಿದಳು. ಅವಳಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ವಾಸಿಯಾಗದ ಒಂದು ಹುಣ್ಣು. ವೇದಿಕೆಯ ಮೇಲೆ ಬಸವಪ್ರಸಾದ್ ತನ್ನ ಕೈಯಾರೆ ಶಾಲು ಹೊದಿಸಿದಾಗ, ಹುಣ್ಣು ಒಣಗುತ್ತಿದೆ ಎಂದು ಮೈಕಿನಲ್ಲಿ ಹೇಳಿದಳು. ಮಗ ಕೆಳಗೆ ನಿಂತು ಚಪ್ಪಾಳೆ ತಟ್ಟಿದ. ಮನೆಗೆ ಬಂದವಳೇ ಆಸ್ಪತ್ರೆಯ ಮಾತ್ರೆಗಳನ್ನೆಲ್ಲ ತಿಪ್ಪೆಗೆ ಎಸೆದಳು.

ಅವ್ವನ ಕಾಲ್ಬೆರಳು ಕಪ್ಪಗಾದಾಗ, ಮಾತ್ರೆ ನುಂಗು ಎಂದು ಸಿದ್ದಾರ್ಥ ಅಂಗಲಾಚಿದ.

“ಆಣೆ ಮಾಡಿವ್ನಿ ಕಣ್ಲಾ ಮಗ. ಮಾತ್ರೆ ಮುಟ್ಟಾಕಾಯ್ತದಾ? ಮಾದಪ್ಪ ನಿನ್ನೇನಾರ ಮಾಡ್ಬುಟ್ರೆ?”

ಚಾಮರಾಜನಗರದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅವತ್ತು ಸಿದ್ದಾರ್ಥ ಕೊರಳ ಟೈ ಬಿಚ್ಚಿದ. ಅದು ಮೇಕೆಗೆ ಹಗ್ಗವಾಯಿತು.

ಆಮೇಲೆ ಅವನು ಹಳೆಯದೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು ವಿಡಿಯೋ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತ. ಪೇಟೆಯ ಬೇಕರಿಗೊಂದು, ಚೆಂಡುಹೂವಿನ ವ್ಯಾಪಾರಿಗೊಂದು ಮಾಡಿಕೊಟ್ಟ. ತನಗೆಂದು ಒಂದು ಮಾಡಿಕೊಂಡು ‘ಕಾವಲು’ ಎಂದು ಹೆಸರಿಟ್ಟ. ಕಾಡಂಚಿನ ಮದ್ದೂರು ಕಡೆ ಹೊಲಕ್ಕೆ ಆನೆ ನುಗ್ಗದಂತೆ ರಾತ್ರಿ ಕಾಯುವವರು ಯಾವ ಟಾರ್ಚು ಕೊಳ್ಳಬೇಕು, ಬೆಳೆಗೆ ಔಷಧಿ ಹೊಡೆಯುವವರಿಗೆ ಯಾವ ಮುಖಗವಸು ಆದೀತು ಎಂದೆಲ್ಲ, ಬಳಸಿದವರನ್ನೇ ಕೇಳಿ ಬರೆಯತೊಡಗಿದ. ಸೋದರಮಾವ ಚಿಕ್ಕಬಸವಯ್ಯನಿಗೆ ಇದೇನೆಂದು ಬಗೆಹರಿಯಲಿಲ್ಲ.

“ಇದ್ರಲ್ಲೂ ಜನವ ಸೇರಿಸ್ಬೇಕೇನ್ಲಾ?”

“ಇಲ್ಲ ಮಾವ. ಒಳ್ಳೆ ಸಾಮಾನಾದ್ರೆ ಒಳ್ಳೇದು ಅಂತ ಬರೀತೀನಿ. ಅಲ್ಲಿರೋ ಲಿಂಕ್ ಒತ್ತಿ ಯಾರಾರ ಕೊಂಡ್ಕಂಡ್ರೆ, ಅಂಗ್ಡಿಯೋರು ನಂಗೊಂದೀಟು ಕೊಡ್ತರ.”

“ಅಂಗಾರೆ ದಲ್ಲಾಳಿ ಅನ್ನು.”

“ದಲ್ಲಾಳೀನೆ. ಆಣೆ ಇಲ್ಲ ಅಷ್ಟೇಯ.”

ಒಳ್ಳೆಯದನ್ನು ಒಳ್ಳೆಯದು ಎಂದವನು ಕೆಟ್ಟದ್ದನ್ನು ಬಿಟ್ಟರೆ ಅದು ಯಾವ ಸೀಮೆಯ ಕಾವಲು? ಅವ್ವ ವೇದಿಕೆಯ ಮೇಲೆ ಶಾಲು ಹೊದ್ದು ನಿಂತ ವಿಡಿಯೋ, ಅದರ ಕೆಳಗೆ ಕತ್ತರಿಸಿದ ಕಾಲಿನ ಚಿತ್ರ, ನಡುವೆ ನಡೆದದ್ದೆಲ್ಲ ಒಂದು ಪುಟದಲ್ಲಿ ಹಾಕಿದ. ಕಾಲಷ್ಟೇ ಸಾಕು ಎಂದುಕೊಂಡಿದ್ದ. “ನನ್ ಮೊಕಾನೂ ಬರ್ಲಿ ಬುಡು, ನಾನೇನ್ ಕದ್ದಿದ್ದನಾ?” ಎಂದು ಸುಂದ್ರಮ್ಮನೇ ಮುಖ ಕೊಟ್ಟಳು. ಈಗ ಫೋನಿನಲ್ಲಿ ಯಾರು ಪುಡಿಯ ಹೆಸರು ಹುಡುಕಿದರೂ ಮೊದಲು ಕಾಣುವುದು ಆ ಪುಟ. ಹೊಸಬರು ಸೇರುವುದು ನಿಂತುಹೋಯಿತು.

ಗೋದಾಮಿನಲ್ಲಿ ಬಸವಪ್ರಸಾದ್, ಆ ಪುಟವನ್ನು ತಾನೇ ಅಳಿಸಲೆಂದು, ಸಿದ್ದಾರ್ಥನ ಜೇಬಿನಿಂದ ಫೋನು ಕಿತ್ತು ಅವನ ಮುಖದೆದುರು ಹಿಡಿದ. ಮುಖ ಕಂಡರೆ ತೆರೆದುಕೊಳ್ಳುವ ಫೋನು ಅದು. ತೆರೆಯಲಿಲ್ಲ. ಕೈ ಮುರಿಯುವ ಮೊದಲೇ ಹೊಡೆದು ಹೊಡೆದು ಊದಿಸಿದ್ದ ಮುಖವನ್ನು ಅದು ಗುರುತು ಹಿಡಿಯಲಿಲ್ಲ. ರಕ್ತದ ಬಾಯಲ್ಲೇ ಸಿದ್ದಾರ್ಥನಿಗೆ ನಗು ಬಂತು.

“ನಗ್ತೀಯಾ ಸೂಳೆಮಗ್ನೆ?” ಹೊಟ್ಟೆಗೆ ಬೂಟಿನ ಒದೆ ಬಿತ್ತು. “ರಾಜ, ಎತ್ಕ ಬಾ ಇವ್ನ ಒಳಿಕ್ಕೆ. ನಿಮ್ಮವ್ವಂಗೂ ಆಟೋ ಕಳಿಸಿವ್ನಿ ಕಣ್ಲಾ. ಆ ಪೇಜಲ್ಲಿರದು ಸುಳ್ಳು ಅಂತ ಎಲ್ಲರೆದುರ್ಗೂ ಅವ್ಳೇ ಕರ್ಪೂರ ಆರಿಸ್ತಳೆ.”

ಮಂಟಪದಲ್ಲಿ ಜನ ತುಂಬಿದ್ದರು. ಮುಂದಿನ ಸಾಲಿನಲ್ಲಿ ಚಾಮರಾಜನಗರದಿಂದ ಬಂದವರು, ಹಿಂದೆಲ್ಲ ಕೇರಿಯವರು. ಸುಂದ್ರಮ್ಮನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ಅದೇ ಶಾಲು ಹೊದಿಸಿದ್ದರು. ಪಕ್ಕದ ಮೇಜಿನ ಮೇಲೆ ಪುಡಿಯ ಡಬ್ಬಿಗಳು, ಮಾದಪ್ಪನ ಪಟ, ಕರ್ಪೂರದ ತಟ್ಟೆ. ರಾಜಣ್ಣ ಸಿದ್ದಾರ್ಥನನ್ನು ಜನರಿಗೆ ಕಾಣದಂತೆ ವೇದಿಕೆಯ ಪಕ್ಕದ ಪರದೆಯ ಮರೆಯ ಮೆಟ್ಟಿಲ ಬಳಿ ತಂದು ಕೂರಿಸಿ, ಬಾಗಿಲ ಹತ್ತಿರ ಹೋಗಿ ನಿಂತ.

“ಸುಂದ್ರಮ್ಮನವರು ನಮ್ಮ ಫ್ಯಾಮಿಲಿ,” ಎಂದ ಬಸವಪ್ರಸಾದ್ ಮೈಕಿನಲ್ಲಿ. “ಮಗ ದಾರಿ ತಪ್ಪಿದಾನೆ. ತಾಯಿ ಸತ್ಯ ಹೇಳ್ತಾರೆ.” ಮೈಕಿಗೆ ಕೈ ಅಡ್ಡ ಹಿಡಿದು ಅವಳ ಕಿವಿಗೆ ಬಗ್ಗಿದ. “ಎಲ್ಲಾ ಸುಳ್ಳು ಅಂತ ಯೋಳಮ್ಮಿ. ಇಲ್ದಿದ್ರೆ ನಿನ್ ಮಗನ್ ಎಡಗೈಗೂ ಕಲ್ ಬೀಳ್ತದೆ.”

ಸುಂದ್ರಮ್ಮ ಮಗನ ಬಲಗೈ ನೋಡಿದಳು. ಬೆರಳುಗಳು ಯಾವುದು ಯಾವುದೆಂದು ತಿಳಿಯದ ಹಾಗೆ ಊದಿದ್ದವು. ಅವಳು ಅಳಲಿಲ್ಲ. ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟಳು. ಎಲ್ಲರೂ ಮಾಡುವಂತೆ ತಟ್ಟನೆ ಒತ್ತಿ ತೆಗೆಯಲಿಲ್ಲ. ಚರ್ಮ ಸುಟ್ಟ ವಾಸನೆ ಬರುವವರೆಗೆ ಹಾಗೇ ಇಟ್ಟಿದ್ದಳು.

“ಮಾದಪ್ಪನಾಣೆ,” ಎಂದಳು. ಮೈಕು ಅದನ್ನು ಮೂಲೆ ಮೂಲೆಗೂ ಮುಟ್ಟಿಸಿತು. “ನನ್ ಕಾಲ ತಿಂದಿದ್ದು ಈ ಪುಡಿ. ಇವ್ರು ಮಾಡ್ಸಿದ ಆಣೆ. ನನ್ ಮಗ ಬರ್ದಿರದು ದಿಟ. ಅವ್ನ್ ಕೈ ಮುರ್ದೋನು ಇವ್ನೇಯ, ಈ ಮುಂಡೇಮಗ.”

ಹೇಳಿ ಸೀರೆ ಮೊಣಕಾಲಿಗೆತ್ತಿ, ಮೊಂಡು ಕಾಲನ್ನು ಡಬ್ಬಿಗಳ ನಡುವೆ ಮೇಜಿನ ಮೇಲಿಟ್ಟಳು. ಡಬ್ಬಿಗಳು ಉರುಳಿದವು. ಮುಂದಿನ ಸಾಲಿನವರು ಪಕ್ಕದ ಬಾಗಿಲಿನಿಂದ ಒಬ್ಬೊಬ್ಬರೇ ಜಾರಿದರು.

ಬಸವಪ್ರಸಾದ್ ಅವಳ ಕುರ್ಚಿಯನ್ನು ಒದ್ದ. ಸುಂದ್ರಮ್ಮ ಕುರ್ಚಿಯ ಸಮೇತ ನೆಲಕ್ಕೆ ಬಿದ್ದಳು, ಹಣೆ ಒಡೆಯಿತು. ಸಿದ್ದಾರ್ಥ ಮೆಟ್ಟಿಲಿನಿಂದ ನೆಗೆದು, ಎಡಗೈಗೆ ಸಿಕ್ಕ ತಟ್ಟೆಯ ಅಂಚಿನಿಂದ ಅವನ ಬಾಯಿಗೆ ಬಾರಿಸಿದ. ಎರಡು ಹಲ್ಲು ಶಾಲಿನ ಮೇಲೆ ಬಿದ್ದವು. ಹಿಂದಿನ ಸಾಲುಗಳಲ್ಲಿ ಜನ ಎದ್ದು ನಿಂತರು.

“ಬಾಗ್ಲಾಕ್ಲಾ ರಾಜ!” ಬಸವಪ್ರಸಾದ್ ರಕ್ತ ಉಗುಳುತ್ತ ಕಿರುಚಿದ. “ಎಲ್ಡೂ ಬಾಗ್ಲಾಕು! ಕೇರಿ ನಾಯಿ ಒಂದೂ ಆಚ್ಗೋಗ್ಬಾರ್ದು! ಇಲ್ಲೇ ಹೂತಾಕ್ತೀನಿ ಇವ್ರ್ನೆಲ್ಲ!”

ರಾಜಣ್ಣ ಪಕ್ಕದ ಬಾಗಿಲು ಹಾಕಿದ. ಬಂದು ದೊಡ್ಡ ಬಾಗಿಲನ್ನೂ ಹಾಕಿ ಚಿಲಕ ಜಡಿದ. ಈಗ ಒಳಗಿದ್ದವರು ಬಸವಪ್ರಸಾದ್ ಮತ್ತು ಕೇರಿಯವರು ಮಾತ್ರ. ಚಿಕ್ಕಬಸವಯ್ಯ ತಾನು ಕೂತಿದ್ದ ಕಬ್ಬಿಣದ ಕುರ್ಚಿಯನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಪಕ್ಕದ ಹೆಂಗಸೂ ಮಡಚಿದಳು. ಮಡಚುವ ಸದ್ದು ಸಾಲಿನಿಂದ ಸಾಲಿಗೆ ಹಬ್ಬಿತು.

“ರಾಜ, ಬಾರ್ಲಾ ಇಲ್ಲಿ,” ಎಂದ ಬಸವಪ್ರಸಾದ್. ಅವನ ದನಿ ಇಳಿದಿತ್ತು.

ರಾಜಣ್ಣ ಕೊರಳ ಟೈ ಬಿಚ್ಚಿ ಚಿಲಕಕ್ಕೆ ಬಿಗಿದು ಕಟ್ಟಿದ. ಆಮೇಲೆ ಬಾಗಿಲ ಪಕ್ಕದ ಕುರ್ಚಿ ಎತ್ತಿಕೊಂಡು, ವೇದಿಕೆಯ ಕಡೆಗೆ ನಡೆದ.